ಮನಿ ಮ್ಯಾಲ, ಊರ ಕೆಳಗ

ನಾನು ಶಾಲೆ ಬಿಟ್ಟದ್ದು ೧೯೮೪ರಲ್ಲಿ, ಏಳನೇ ಕ್ಲಾಸಿನ ನಡುವೆ. ಬಿಟ್ಟೆ ಅನ್ನುವುದೇ ಸರಿ. ಬಿಡಿಸಿದರು ಅಂದರೆ ಸುಳ್ಳಾಗುತ್ತದೆ. ನಮ್ಮೂರು ನಿಂಬರ್ಗಾದ ಹೊಲಗಳಲ್ಲಿ ತೊಗರಿ ಕೊಯ್ಲು ನಡೆದಿತ್ತು. ಅವ್ವ ಅಪ್ಪ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಒಂದು ಮುಂಜಾನೆ ಪಾಟಿಚೀಲವನ್ನು ಗೂಟಕ್ಕೆ ಹಾಕಿ ನಾನೂ ಅವರ ಹಿಂದೆ ನಡೆದೆ. ಮರುದಿನ ಚೀಲ ಇಳಿಸಲಿಲ್ಲ, ಅದರ ಮರುದಿನವೂ ಇಳಿಸಲಿಲ್ಲ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಶಾಲೆ ನಿಂತರೂ ಕೈ ಕಲಿಯುತ್ತಲೇ ಇರುತ್ತದೆ. ನನ್ನ ಎಡಗೈ ಕಲಿತದ್ದನ್ನು ಈಗ ಬರೆಯಬೇಕಾಗಿದೆ. ಯಾಕೆಂದರೆ ಕಳೆದ ಚಳಿಗಾಲದಲ್ಲಿ ಆ ಕಲಿಕೆಯನ್ನು ನಾನೇ ಕಿತ್ತು ಗುಜರಿಗೆ ಹಾಕಲು ಹೊರಟಿದ್ದೆ.

ನನ್ನ ಬಳಿ ಒಂದು ಹಳೆಯ ಬಿಳಿ ಅಂಬಾಸಿಡರ್ ಇದೆ. ಹ್ಯಾಂಡ್ ಗೇರಿನದು. ಈಗಿನ ಕಾರುಗಳಲ್ಲಿ ಗೇರು ನೆಲದಿಂದ ಎದ್ದು ನಿಂತಿರುತ್ತದೆ. ಇದರಲ್ಲಿ ಹಾಗಲ್ಲ. ಸ್ಟೇರಿಂಗಿನ ಕಂಬದಿಂದಲೇ ಒಂದು ತೆಳ್ಳನೆಯ ಕಡ್ಡಿ ಎಡಕ್ಕೆ ಚಾಚಿಕೊಂಡಿದೆ, ತುದಿಗೊಂದು ಗುಂಡು. ಸ್ಟೇರಿಂಗ್ ಬಿಟ್ಟ ಎಡಗೈ ಒಂದು ಗೇಣು ಇಳಿಯುವಷ್ಟರಲ್ಲಿ ಗುಂಡು ಅಂಗೈಗೆ ಬಂದು ಸೇರುತ್ತದೆ, ಸಾಕಿದ ಕರು ಮೂತಿ ತಂದು ಒತ್ತಿದ ಹಾಗೆ. ಮುಂದಿನ ಸೀಟು ಹಾಸಿಗೆಯಂತೆ ಆ ಬಾಗಿಲಿನಿಂದ ಈ ಬಾಗಿಲಿನವರೆಗೆ ಒಂದೇ. ನಡುವೆ ಅಡ್ಡ ಏನೂ ಇಲ್ಲ.

ಕಡಗಂಚಿಯಲ್ಲಿ ಓದುವ ಸಣ್ಣ ಮಗಳನ್ನು ಬಿಡಲು ಹೋದಾಗ ಅವಳ ಗೆಳತಿಯರು ಈ ಕಾರಿನ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮದುವೆಯ ಮೆರವಣಿಗೆಗೆ ಕಾರು ಕೇಳುವವರೂ ಇದ್ದಾರೆ. ಆದರೆ ಓಡಿಸುವವನು ನಾನೊಬ್ಬನೇ. ನನ್ನ ಜೀಪು ಓಡಿಸುವ ಡ್ರೈವರ್ ಇದರಲ್ಲಿ ಕುಳಿತರೆ ಎಡಗೈಯಿಂದ ನೆಲ ತಡವುತ್ತಾನೆ, ಚಪ್ಪಲಿ ಹುಡುಕುವವನ ಹಾಗೆ. ಆಳಂದದ ಗ್ಯಾರೇಜಿನ ಮಿಸ್ತ್ರಿ ವರ್ಷದಿಂದ ನನ್ನ ಬೆನ್ನು ಹತ್ತಿದ್ದ.

“ಕಾಕಾ, ಈ ಕಡ್ಡಿ ಇನ್ನ ಎಷ್ಟ ದಿನ ಎಳೀತೀರಿ? ಒಳಗಿನ ಸಳಿ ಎಲ್ಲಾ ಸವದಾವ. ಸಾಮಾನ ಸಿಗಂಗಿಲ್ಲ. ಕಿತ್ತ ಒಗದು ನೆಲದ ಗೇರ್ ಮಾಡಿ ಕೊಡ್ತೇನಿ. ಯಾವ ಡ್ರೈವರ್ ಆದ್ರೂ ಓಡಸ್ತಾನ.”

“ಯಾವನಾದ್ರೂ ಓಡಸೂ ಕಾರ ನನಗ್ಯಾಕ ಬೇಕೋ?”

“ನನ್ನ ಕೇಳಬ್ಯಾಡ್ರಿ. ನಿಮ್ಮ ಭುಜಾ ಕೇಳ್ರಿ, ಅದ ಹೇಳ್ತದ.”

ಭುಜ ಹೇಳುತ್ತಲೇ ಇತ್ತು. ಚಳಿ ಬಿದ್ದ ಮೇಲೆ ಮೂರನೇ ಗೇರಿಗೆ ಕೈ ಎತ್ತಿದಾಗೊಮ್ಮೆ ಎಡ ಕೀಲು ಚುರ್ ಅನ್ನುತ್ತಿತ್ತು. ಡಿಸೆಂಬರಿನ ಒಂದು ಸೋಮವಾರ ಕಾರು ತಂದು ಬಿಡುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಒಂದು ಸಂಕಟ ಶುರುವಾಯಿತು. ಆ ಕಡ್ಡಿ ನನ್ನದಲ್ಲ. ನನ್ನ ಉಸ್ತಾದರದು. ಅವರಿಗೆ ಹೇಳದೆ ಕೀಳಿಸುವುದು ಹೇಗೆ?

ಉಸ್ತಾದರು ಎಂದರೆ ನನಗೆ ಗಾಡಿ ಕಲಿಸಿದವರು. ಅಫಜಲಪುರದ ಆಚೆ, ಭೀಮಾ ದಂಡೆಯ ಮಣ್ಣೂರಿನವರು. ಆಗ ಈ ಕಾರು ಅವರ ಕೈಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂದು ಬಾಡಿಗೆ ಮಂದಿಯನ್ನು ತುಂಬಿಕೊಂಡು ತಿರುಗುತ್ತಿತ್ತು. ನನಗೆ ಇಪ್ಪತ್ತು ದಾಟಿತ್ತು. ಆಳಂದದ ಬಜಾರಿನಲ್ಲಿ ಹಮಾಲಿ ಮಾಡುತ್ತಿದ್ದೆ. ಒಂದು ಮಳೆಯ ದಿನ ಎರೆಮಣ್ಣಿನಲ್ಲಿ ಹೂತುಹೋದ ಇವರ ಕಾರನ್ನು ನಾನೊಬ್ಬನೇ ಬೆನ್ನು ಕೊಟ್ಟು ಎತ್ತಿ ಮೇಲೆ ಹಾಕಿದೆ. ಅವರು ಗಾಜು ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇಷ್ಟ ಸಕ್ತಿ ಇಟ್ಕೊಂಡು ಚೀಲ ಹೊರ್ತಿ ಏನಲೇ? ಗಾಡಿ ಕಲೀ. ಇಲ್ಲಿ ಸಕ್ತಿ ಬ್ಯಾಡ, ಆದ್ರ ಸಕ್ತಿ ಇದ್ದಾಂವ ಮೆತ್ತಗ ಹಿಡಿಯೂದು ಕಲ್ತ್ರ ಛಲೋ ಡ್ರೈವರ್ ಆಗ್ತಾನ.”

ಮೊದಲ ಪಾಠ ಜೇವರ್ಗಿ ದಾರಿಯ ಒಂದು ಬೀಳು ಹೊಲದಲ್ಲಿ. ನಾನು ಒಂದನೇ ಗೇರು, ಎರಡನೇ ಗೇರು ಎಂದು ಬಾಯಲ್ಲಿ ಎಣಿಸುತ್ತ, ಕಡ್ಡಿ ನೋಡುತ್ತ, ಕಾರನ್ನು ಒಂದು ಜಾಲಿ ಕಂಟಿಗೆ ಒಯ್ದು ನಿಲ್ಲಿಸಿದೆ. ಉಸ್ತಾದರು ಬಯ್ಯಲಿಲ್ಲ. ಒಂದು ಜಾಲಿಮುಳ್ಳು ಮುರಿದು ಹಲ್ಲು ಕೆದರಿಕೊಂಡರು.

“ನಂಬರ ಮರೀ. ನಂಬರ ಎಣಸಾಂವ ಕಡ್ಡಿ ನೋಡ್ತಾನ, ಕಡ್ಡಿ ನೋಡಾಂವ ಕಂಟ್ಯಾಗ ಹೋಗ್ತಾನ. ಕೇಳು. ನಿನ್ನ ಎದಿ ಕಡಿ ಇರೂದು ಮನಿ. ಗಾಜಿನ ಕಡಿ ಇರೂದು ಊರ. ಕಡ್ಡಿ ಎದಿಗೆ ಎಳದು ಎತ್ತು, ಅದು ಮನಿ ಮ್ಯಾಲ. ಅಲ್ಲೇ ಇಳಸು, ಮನಿ ಕೆಳಗ. ಗಾಜಿನ ಕಡಿ ಬಿಟ್ಟು ಎತ್ತು, ಊರ ಮ್ಯಾಲ. ಇಳಸು, ಊರ ಕೆಳಗ. ಮನ್ಯಾಗ ಎದ್ದು ಊರಿಗೆ ಹೋಗೂದು. ಡ್ರೈವಿಂಗ್ ಅಂದ್ರ ಇಷ್ಟ.”

“ರಿವರ್ಸ್ ರೀ ಉಸ್ತಾದ?”

“ಅದು ಬೀಗರ ಮನಿ. ಗುಂಡ ಹಿಡದು ಹೊರಗ ಜಗ್ಗಬೇಕು. ಜಗ್ಗಿ ಎಳೀದ ಯಾವ ಗಂಡ್ಸು ತಾನಾಗಿ ಬೀಗರ ಮನಿಗೆ ಹೋಗ್ತಾನೇನಲೇ?”

ಹೀಗೆ ನನ್ನ ಕೈಗೆ ಮನೆಯೂ ಊರೂ ಸಿಕ್ಕವು. ಎಂಟು ದಿನದಲ್ಲಿ ಕಣ್ಣು ರಸ್ತೆಗೆ ಹೋಯಿತು. ಉಸ್ತಾದರು ಹಿಂದಿನ ಸೀಟಿಗೆ ಹೋದರು. ಕಣ್ಣು ಮುಚ್ಚಿ ಕೂರುತ್ತಿದ್ದರು. ಮಂದಿ ನಿದ್ದೆ ಅಂದುಕೊಳ್ಳುತ್ತಿದ್ದರು. ಅವರು ಗಾಡಿಯ ದನಿ ಕೇಳುತ್ತಿದ್ದರು. ಏರಿನಲ್ಲಿ ನಾನು ತಡ ಮಾಡಿದರೆ ಕಣ್ಣು ತೆರೆಯದೆ “ಮನಿ ಕೆಳಗ” ಎನ್ನುವರು. ಸ್ಟೇರಿಂಗನ್ನು ಸೊಗಸಾಗಿ ತಿರುಗಿಸಿದೆನೆಂದು ನಾನು ಬೀಗಿದರೆ ಒಂದೇ ಮಾತು: “ಸ್ಟೇರಿಂಗ್ ಕತ್ತೆನೂ ತಿರಗಸ್ತದ. ಗೇರ್ ಹಾಕಾಂವ ಡ್ರೈವರ್.”

ಆ ವರ್ಷಗಳು ಈಗ ನನಗೆ ಒಂದೇ ಉದ್ದನೆಯ ಮುಂಜಾನೆಯಾಗಿ ನೆನಪಾಗುತ್ತವೆ. ಯಾವುದು ಯಾವ ದಿನ ಎಂದು ಬಿಡಿಸಲು ಬರುವುದಿಲ್ಲ. ಎರೆಹೊಲಗಳ ಮೇಲೆ ಮಂಜು ಮೊಣಕಾಲೆತ್ತರ ನಿಂತಿರುತ್ತಿತ್ತು. ತೊಗರಿಯ ಹಳದಿ ಹೂವು ಆ ಬಿಳಿಯ ಮೇಲೆ ತೇಲುತ್ತ ಎರಡೂ ಬದಿಯಿಂದ ಹಿಂದಕ್ಕೆ ಹರಿಯುತ್ತಿತ್ತು. ಮೂರನೇ ಗೇರಿನಲ್ಲಿ ಈ ಕಾರಿಗೆ ಒಂದು ಗುಂಯ್‌ಗುಡುವ ದನಿಯಿದೆ, ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಹಾಡು ಮರೆತು ರಾಗ ಮಾತ್ರ ಹಿಡಿದ ಹಾಗೆ. ಊರ ಮ್ಯಾಲ ಎಂದರೆ ನನಗೆ ಆ ದನಿಯೇ. ರಸ್ತೆ ಬರುತ್ತಿದೆಯೋ ನಾವು ಹೋಗುತ್ತಿದ್ದೇವೋ ತಿಳಿಯದು. ಹಿಂದೆ ಐದು ಮಂದಿ, ಮುಂದೆ ಮೂರು, ಎಲ್ಲರ ಉಸಿರಿಗೆ ಗಾಜು ಮಸುಕಾಗಿ, ನಾನು ರುಮಾಲಿನಿಂದ ಒಂದು ರೊಟ್ಟಿಯಗಲ ಒರೆಸಿಕೊಂಡು ಅಷ್ಟರಲ್ಲೇ ಜಗತ್ತನ್ನು ನೋಡುತ್ತ ಹೋಗುವುದು. ಈಗಲೂ ನಿದ್ದೆಯಲ್ಲಿ ಎಡಗೈ ಆಡಿಸುತ್ತೀರಿ ಎನ್ನುತ್ತಾಳೆ ನನ್ನ ಹೆಂಡತಿ.

ಆ ಮುಂಜಾನೆಯೊಳಗಿನ ಒಂದು ದಿನ ಮಾತ್ರ ಬೇರೆಯಾಗಿ ನಿಂತಿದೆ. ನಿಂಬರ್ಗಾದ ತಿರುವಿನಲ್ಲಿ ನನ್ನ ಅಪ್ಪ ಕೈ ಮಾಡಿದ. ಅಫಜಲಪುರಕ್ಕೆ ಹೋಗಬೇಕಿತ್ತು. ಹಿಂದೆ ಜಾಗವಿರಲಿಲ್ಲ. ಮುಂದೆ, ನನ್ನ ಪಕ್ಕ, ನಮ್ಮೂರ ಗೌಡರೊಬ್ಬರು ಕುಳಿತಿದ್ದರು. ಅಪ್ಪ ದುಡಿಯುತ್ತಿದ್ದದ್ದು ಅವರ ಹೊಲದಲ್ಲೇ. ಅವರ ಅಂಗಳದಲ್ಲಿ ಅಪ್ಪ ಎಂದೂ ಕೂತವನಲ್ಲ, ಚಹಾ ಕುಡಿದರೂ ನಿಂತೇ. ನಮ್ಮ ಮಂದಿಗೆ ಅಲ್ಲಿ ಅದೇ ರೂಢಿ. ಬಾಗಿಲು ತೆರೆದೇ ಇತ್ತು, ಅಪ್ಪ ಹತ್ತಲಿಲ್ಲ.

“ಹಿಂದಿನ ಗಾಡಿಗೆ ಬರ್ತೇನಿ ತಗೋರಿ,” ಅಂದ.

ಹಿಂದಿನ ಸೀಟಿನಿಂದ ಉಸ್ತಾದರ ದನಿ ಬಂತು, ಕಣ್ಣು ಮುಚ್ಚಿಯೇ. “ಹಿಂದ ಯಾವ ಗಾಡಿ ಇಲ್ರಿ ಕಾಕಾ, ಮಂಜು ಅದ ಅಷ್ಟ. ಗೌಡ್ರ, ಒಂದ ಗೇಣ ಸರೀರಿ. ನಡಬರಕ ಕಡ್ಡಿ ಇಲ್ಲ, ಗ್ವಾಡಿ ಇಲ್ಲ.”

ಗೌಡರು ಒಂದು ಕ್ಷಣ ಮುಂದಿನ ಗಾಜನ್ನೇ ನೋಡಿದರು. ಆಮೇಲೆ ಧೋತರ ಎಳೆದುಕೊಂಡು ನನ್ನ ಕಡೆ ಸರಿದರು. “ಸರೀತೇನಿ ಮಾರಾಯಾ. ಹತ್ತಸ್ಕೋ, ಹೊತ್ತಾಗ್ತದ.”

ಅಫಜಲಪುರದ ತನಕ ಇಬ್ಬರೂ ತೊಡೆಗೆ ತೊಡೆ ಹಚ್ಚಿ ಕುಳಿತರು. ಕುಳಿ ಬಂದಾಗ ಇಬ್ಬರೂ ಕೂಡಿಯೇ ಎಗರಿ ಕೂಡಿಯೇ ಬಿದ್ದರು. ನಾನು ಆ ದಿನ ಹಾಕಿದಷ್ಟು ಮೆತ್ತಗೆ ಗೇರನ್ನು ಮತ್ತೆಂದೂ ಹಾಕಿಲ್ಲ. ಇಳಿಯುವಾಗ ಅಪ್ಪ ಸೀಟಿನ ಮೇಲೆ ಒಮ್ಮೆ ಅಂಗೈ ಊರಿ ನೋಡಿ ಹೇಳಿದ್ದು ಇಷ್ಟೇ: “ಮೆತ್ತಗ ಅದ.”

ಉಸ್ತಾದರು ಬಾಡಿಗೆ ಓಡಿಸುವುದು ಬಿಟ್ಟಾಗ ಕಾರನ್ನು ನಾನೇ ತೆಗೆದುಕೊಂಡೆ. ಹೋದ ವರ್ಷದ ಹಿಂದಿನ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಎಳೆಯಿತು, ಮಾತು ನಿಂತಿತು. ದವಾಖಾನೆಯಲ್ಲಿ ಒಂದು ಸಲ ನೋಡಿ ಬಂದವನು ಮತ್ತೆ ಹೋಗಲಿಲ್ಲ. ಕೆಲಸ ಎಂದು ಹೇಳಿಕೊಂಡೆ. ಕೆಲಸವಲ್ಲ. ಆ ಮನುಷ್ಯ ಸುಮ್ಮನೆ ಮಲಗಿದ್ದನ್ನು ನೋಡುವ ಎದೆ ನನಗಿರಲಿಲ್ಲ. ಈಗ ಹೋಗಲೇಬೇಕಾಯಿತು, ಅದೂ ಕಡ್ಡಿ ಕೀಳಿಸುತ್ತೇನೆ ಎಂದು ಹೇಳುವುದಕ್ಕೆ.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ಮಣ್ಣೂರಿಗೆ ಹೊರಟೆ. ಕೊನೆಯ ಸಲ ಎಂದು ಕೈಗೆ ಗೊತ್ತಿದ್ದದ್ದಕ್ಕೋ ಏನೋ, ಗೇರು ಒಂದೊಂದೂ ಹೆಸರು ಹೇಳಿಕೊಂಡೇ ಬಿದ್ದವು.

ಉಸ್ತಾದರ ಹೆಂಡತಿ, ನನ್ನ ಪಾಲಿಗೆ ವೈನಿ ಎಂದರೆ ಅತ್ತಿಗೆ, ಅಂಗಳದಲ್ಲಿ ಮೊರ ಹಿಡಿದು ಕುಳಿತಿದ್ದರು.

“ಬಾ ತಮ್ಮಾ. ಹಾದಿ ಮರ್ತಿದ್ದೇನು?”

“ಮರ್ತಿಲ್ರಿ ವೈನಿ.”

“ಮರೀದಾಂವ ಬರ್ತಿದ್ದ. ಹಾದಿ ಏನ ಮಣ್ಣೂರ ಬಿಟ್ಟು ಓಡಿಹೋಗಿತ್ತೇನು? ಕುಂದ್ರು, ಚಾ ಇಡ್ತೇನಿ.”

ಉಸ್ತಾದರು ಬಿಸಿಲಿಗೆ ಹಾಕಿದ ಹೊರಸಿನ ಮೇಲೆ ಕುಳಿತಿದ್ದರು. ಕಾಲು ಬಹುಪಾಲು ಮರಳಿ ಬಂದಿತ್ತು. ಕೋಲು ಹಿಡಿದು ಓಣಿಯ ತುದಿಯ ತನಕ ಹೋಗಿ ಬರುತ್ತಾರಂತೆ. ಬಲಗೈ ಮಾತ್ರ ಬೇರೆ ಯಾರದೋ ಸಾಮಾನಿನಂತೆ ತೊಡೆಯ ಮೇಲೆ ಇತ್ತು. ಅವರು ನನ್ನ ಮುಖ ನೋಡಲಿಲ್ಲ. ನನ್ನ ಬೆರಳಿನಲ್ಲಿದ್ದ ಕೀಲಿಕೈ ನೋಡಿದರು. ನೋಡುತ್ತ ನೋಡುತ್ತ ಎಡಗೈ ಎದ್ದಿತು. ಎದೆಯ ಕಡೆ ಬಂದು, ಮೇಲಕ್ಕೆ ಹೋಯಿತು. ಬಾಯಿ ಒಂದು ಬದಿಗೆ ಜಗ್ಗಿ, ದನಿ ಬಂತು.

“ಮನಿ... ಮ್ಯಾಲ.”

“ಸುರು ಆತು ನೋಡು!” ವೈನಿ ಮೊರ ಕೆಳಗಿಟ್ಟರು. “ಮಾತು ಬಂತು ಅಂತ ಹಿಗ್ಗಿದ್ವಿ ತಮ್ಮಾ. ಬಂದದ್ದು ಇವೇ ನಾಕೈದ ಮಾತು. ಮನಿ ಮ್ಯಾಲ ಅಂದ್ರು. ಮಗ ಹೊತ್ಕೊಂಡು ಮಾಳಗಿ ಮ್ಯಾಲ ಒಯ್ದು ಕುಂದ್ರಿಸ್ದ. ಅಲ್ಲಿ ಹೋಗಿ ಸಿಟ್ಟೀಗೆದ್ದು ಕೋಲ ಒಗದ್ರು. ಇಳಿಸ್ದ್ವಿ. ಊರ ಕೆಳಗ ಅಂದ್ರು. ಊರ ಕೆಳಗ ಏನದ? ಹೊಳಿ. ಹೊಳಿ ದಂಡಿಗೆ ಒಯ್ದು ನೀರ ತೋರ್ಸಿದ್ವಿ. ಮತ್ತೂ ಸಿಟ್ಟು.”

ವೈನಿ ಒಳಗೆ ಹೋಗಿ ಚಹಾ ತಂದು ನನ್ನ ಕೈಗಿಟ್ಟು ಮುಂದುವರಿಸಿದರು.

“ಅದೂ ಹೋಗ್ಲಿ. ಒಂದಿನ ಬೀಗರ ಮನಿ, ಬೀಗರ ಮನಿ ಅಂತ ಹಟಾ ಹಿಡದ್ರು. ಪಾಪ, ಮಗಳ ನೆನಪ ಆಗೇದ ಅಂತ ಜೇವರ್ಗಿ ಬೀಗರಿಗೆ ಫೋನ್ ಮಾಡಿ ಕರಸ್ದೆ. ಹೋಳಗಿ ಮಾಡ್ದೆ. ಅವ್ರು ಬಂದು ಮುಂದ ಕುಂತ್ರ ಇವ್ರು ಗ್ವಾಡಿ ಕಡಿ ಮಾರಿ ಮಾಡಿ ಮಲಗಿಬಿಟ್ರು! ಬೀಗತಿ ಇನ್ನಾ ನನ್ನ ಕೂಡ ಮಾತಾಡವಲ್ಲಳು.”

ನನಗೆ ನಗು ಬಂತು. ತಡೆಯಲಾಗದ ನಗು. ನಗುತ್ತಲೇ ಕಣ್ಣಲ್ಲಿ ನೀರು ಬಂತು.

“ನಗ್ತೀಯಾ? ನಮ್ಮ ಮನ್ಯಾಗಿನ ಗೋಳ ನಿನಗ ತಮಾಶಾ ಆತೇನು?”

“ಇಲ್ರಿ ವೈನಿ. ಅವ್ರು ಮನಿ ಕೇಳಾಕತ್ತಿಲ್ರಿ. ಗೇರ್ ಹಾಕಾಕತ್ತಾರ.”

“ಏನ ಗೇರ?”

ನಾನು ಚಹಾ ಕೆಳಗಿಟ್ಟು, ಗಾಳಿಯಲ್ಲಿ ಕಡ್ಡಿ ಹಿಡಿದು ತೋರಿಸಿದೆ. ಮನಿ ಮ್ಯಾಲ, ಒಂದನೇದು. ಮನಿ ಕೆಳಗ, ಎರಡನೇದು. ಊರ ಮ್ಯಾಲ, ಊರ ಕೆಳಗ. ಬೀಗರ ಮನಿ ಹಿಂದಕ್ಕೆ. ನನ್ನ ಕೈ ಆಡಿದ ಹಾಗೆ ಹೊರಸಿನ ಮೇಲೆ ಉಸ್ತಾದರ ಎಡಗೈಯೂ ಆಡಿತು, ಒಂದು ಕೂದಲೆಳೆ ಮುಂದಾಗಿಯೇ.

ವೈನಿ ಗಂಡನ ಮುಖ ನೋಡಿದರು. “ಹಂಗಾರ ವರ್ಷ ಆತು, ಈ ಹೊರಸಿನ ಮ್ಯಾಲ ಕುಂತ ಗಾಡಿ ಹೊಡ್ಯಾಕತ್ತಾರೇನು?” ಅಂದರು. ಆಮೇಲೆ ಮೆಲ್ಲಗೆ, “ಇಷ್ಟ ವರ್ಷ ಬಾಳೇವು ಮಾಡೀನಿ. ಈ ಮಾತ ನನಗೊಮ್ಮೆನೂ ಹೇಳಿಲ್ಲಲ್ರಿ.”

ಅವರ ಕೈಗೆ ಒಮ್ಮೆ ನಿಜವಾದ ಗಾಡಿ ಕೊಡಬೇಕು ಅನ್ನಿಸಿತು. ರಸ್ತೆಯ ಮೇಲೆ ಒಯ್ಯುವುದು ತಪ್ಪು. ನಾನು ಅಂಥ ತಪ್ಪು ಮಾಡುವ ಡ್ರೈವರ್ ಅಲ್ಲ. ಹೊಳೆಯ ಕಡೆ ಅವರದೇ ಹೊಲವಿತ್ತು. ಕಬ್ಬು ಕಡಿದು ಹಸನು ಮಾಡಿ ಬಿಟ್ಟಿದ್ದರು. ಅಂಚಿಗೆ ಬಂಡಿ ಹೋಗುವಷ್ಟು ಅಗಲದ ಹಾದಿ, ಮಂದಿಯಿಲ್ಲ, ದನವಿಲ್ಲ. ಅಲ್ಲಿಗೆ ಒಯ್ದು ಕಾರು ನಿಲ್ಲಿಸಿ, ಉಸ್ತಾದರನ್ನು ಸ್ಟೇರಿಂಗಿನ ಮುಂದೆ ಕುಳ್ಳಿರಿಸಿದೆ. ನಾನು ಅವರ ಎಡಕ್ಕೆ, ತೊಡೆಗೆ ತೊಡೆ ಹಚ್ಚಿ ಕುಳಿತೆ. ವೈನಿ ಹಿಂದಿನ ಬಾಗಿಲು ತೆರೆದರು.

“ನೀವ್ಯಾಕ್ರಿ ವೈನಿ?”

“ಬಿದ್ರ ಮೂರೂ ಮಂದಿ ಬೀಳೂನು. ನಾ ಒಬ್ಬಾಕಿ ದಂಡಿ ಮ್ಯಾಲ ನಿಂತು ಏನ ಮಾಡ್ಲಿ?”

ನನ್ನ ಲೆಕ್ಕ ಹೀಗಿತ್ತು: ಅವರು ಎಡಗೈಯಿಂದ ಸ್ಟೇರಿಂಗ್ ಹಿಡಿಯಲಿ, ಗೇರು ನಾನು ಹಾಕುತ್ತೇನೆ. ಕಾಲು ಅವರದೇ, ಕ್ಲಚ್ ಬ್ರೇಕ್ ಎರಡನ್ನೂ ನಿಂತ ಗಾಡಿಯಲ್ಲೇ ಹತ್ತು ಸಲ ಒತ್ತಿಸಿ ನೋಡಿದೆ. ಎಂಜಿನ್ ಚಾಲೂ ಮಾಡಿದೆ. ಉಸ್ತಾದರ ಎಡಗೈ ಸ್ಟೇರಿಂಗಿಗೆ ಹೋಗಲಿಲ್ಲ. ನೇರವಾಗಿ ಗುಂಡಿಗೆ ಹೋಯಿತು. ಅಂಗೈ ಅದರ ಮೇಲೆ ಮುಚ್ಚಿತು. ಆಮೇಲೆ ಅವರು ಗದ್ದ ಎತ್ತಿ ಸ್ಟೇರಿಂಗ್ ತೋರಿಸಿದರು. ಅದು ನಿನ್ನದು ಎಂಬಂತೆ. ಕತ್ತೆಯ ಕೆಲಸ ನನ್ನ ಪಾಲಿಗೆ ಬಂತು. ನಾನು ಬಲಗೈ ಚಾಚಿ ಸ್ಟೇರಿಂಗ್ ಹಿಡಿದೆ.

“ಮನಿ ಮ್ಯಾಲ,” ಅಂದರು. ಕಾರು ಎದ್ದಿತು.

ಹೇಗೆ ಬರೆಯಲಿ ಅದನ್ನು? ಹೊಳೆಯ ಮೇಲಿನ ಮಂಜು ಬಿಸಿಲಿಗೆ ಹರಿಯುತ್ತಿತ್ತು. ಗಾಡಿ ನಡೆಯುತ್ತಿದೆ, ಆದರೆ ನಡೆಸುವವನು ಒಬ್ಬನಲ್ಲ. ಕಾಲು ಒಬ್ಬರದು, ಕಣ್ಣು ಇನ್ನೊಬ್ಬರದು, ಎಡಗೈ ಅವರದು, ಬಲಗೈ ನನ್ನದು. ಒಬ್ಬ ಮನುಷ್ಯನನ್ನು ಇಬ್ಬರು ಕೂಡಿ ಮಾಡಿದ ಹಾಗಿತ್ತು. ಮನಿ ಕೆಳಗ. ಅಲ್ಲಿಂದ ಮೂರನೆಯದಕ್ಕೆ ಎತ್ತುವಾಗ ನನಗೆ ಚುರ್ ಅನ್ನುವ ಕಡೆ, ಸಳಿ ಸವೆದು ಕಡ್ಡಿ ಸಡಿಲಾದ ಕಡೆ, ಅವರ ಕೈ ಒಂದು ಬೆರಳಿನಷ್ಟು ತಡೆದು, ಗುಂಡನ್ನು ಸ್ವಲ್ಪ ಎತ್ತಿ ಬಿಟ್ಟಿತು. ಗೇರು ಬೆಣ್ಣೆಯಲ್ಲಿ ಬಿದ್ದ ಹಾಗೆ ಬಿತ್ತು. ಅಷ್ಟೂ ವರ್ಷ ನಾನು ಭುಜದಿಂದ ನೂಕುತ್ತಿದ್ದದ್ದನ್ನು ಅವರು ಎರಡು ಬೆರಳಿನಿಂದ ಹಾಕಿದರು. ಊರ ಮ್ಯಾಲ. ಆ ಗುಂಯ್ ದನಿ ಬಂತು. ಉಸ್ತಾದರು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ, ಮುಚ್ಚುವ ಹಾಗಿರಲಿಲ್ಲ, ಆದರೂ ಗಾಜಿನ ಮೇಲೆ ರೊಟ್ಟಿಯಗಲದ ಜಾಗದಲ್ಲಿ ಹಳದಿ ಹೂವು ತೇಲಿ ಬರುತ್ತಿದ್ದದ್ದನ್ನು ಕಂಡೆ. ಅಲ್ಲಿ ತೊಗರಿ ಇರಲಿಲ್ಲ.

ಹಾದಿ ಹೊಳೆಯ ದಂಡೆಗೆ ಬಂದು ಮುಗಿಯಿತು. ಬ್ರೇಕು ಸರಿಯಾಗಿಯೇ ಒತ್ತಿದರು. ಮುಂದೆ ಇಳಿಜಾರು, ನೀರು. ಉಸ್ತಾದರು ಗುಂಡನ್ನು ಹಿಡಿದು ಹೊರಕ್ಕೆ ಜಗ್ಗಿದರು.

“ಬೀಗರ ಮನಿ.”

ಹಿಂದಿನಿಂದ ವೈನಿ ಚೀರಿದರು. “ಈಗ ಅಂತೀರೇನು! ಆಗ ನನ್ನ ಕಡಿಂದ ಹೋಳಗಿ ಮಾಡಿಸ್ದ್ರಿ!”

ಉಸ್ತಾದರ ಅರ್ಧ ಮುಖ ನಕ್ಕಿತು. ಅರ್ಧವೇ ಆದರೂ ಪೂರಾ ನಗು.

ಗಾಡಿ ಹಿಂದಕ್ಕೆ ತಂದು ತಿರುಗಿಸಿ ನಿಲ್ಲಿಸಿದ ಮೇಲೆ ನಾನು ಬಂದ ವಿಷಯ ಹೇಳಿದೆ. ಮುಚ್ಚಿಡುವುದು ನನ್ನ ಜಾಯಮಾನವಲ್ಲ. “ಉಸ್ತಾದ, ನಾಳಿ ಈ ಕಡ್ಡಿ ಕೀಳಸಿ ನೆಲದ ಗೇರ್ ಮಾಡ್ಸಬೇಕಂತ ಇದ್ದೆ.”

ಅವರು ಕೇಳಿದರೋ ಇಲ್ಲವೋ. ಕೈ ಗುಂಡಿನ ಮೇಲಿಂದ ಏಳಲಿಲ್ಲ. ನನಗೆ ಆಗ ಸ್ಪಷ್ಟವಾಗಿ ಕಂಡದ್ದು ಒಂದೇ. ಈ ಮನುಷ್ಯನ ಬಳಿ ಉಳಿದ ಮಾತೆಲ್ಲ ಈ ಕಡ್ಡಿಯ ಮೇಲಿದೆ. ಇದು ಹೋದರೆ ಅವರು ಮತ್ತೆ ಮಾಳಗಿ ಏರಬೇಕು, ಹೊಳೆಗೆ ಇಳಿಯಬೇಕು, ಯಾರಿಗೂ ತಿಳಿಯದೆ ಕೋಲು ಒಗೆಯಬೇಕು.

ಗುಂಡನ್ನು ಎದೆಯ ಕಡೆ ಎಳೆದು ಅವರು ಅಂದರು, “ಮನಿ ಮ್ಯಾಲ.” ಇನ್ನೊಂದು ಸುತ್ತು.

ಸಂಜೆ ಅಲ್ಲಿಂದಲೇ ಮಿಸ್ತ್ರಿಗೆ ಫೋನ್ ಮಾಡಿದೆ.

“ನಾಳಿ ಬರಂಗಿಲ್ಲ.”

“ಯಾಕ್ರಿ ಕಾಕಾ? ಸಾಮಾನ ಎಲ್ಲಾ ತಂದೇನಿ.”

“ಕಡ್ಡಿ ಇರ್ಲಿ. ಅದರ ಭಾಷಾ ಮಾತಾಡೂರು ಒಬ್ರು ಅದಾರ.”

“ಏನ ಹೇಳಾಕತ್ತೀರಿ? ಮತ್ತ ಭುಜಾ?”

“ಭುಜಾದ್ದಲ್ಲೋ ತಪ್ಪು. ನಂದು. ನೂಕಾಕತ್ತಿದ್ದೆ. ಎತ್ತಿ ಬಿಡಬೇಕಿತ್ತು.”

ಈಗ ಪ್ರತಿ ಭಾನುವಾರ ಮುಂಜಾನೆ ಮಣ್ಣೂರಿಗೆ ಹೋಗುತ್ತೇನೆ. ವೈನಿ ಹಿಂದಿನ ಸೀಟು ಬಿಟ್ಟುಕೊಡುವುದಿಲ್ಲ. ಅವರು ಬೀಗತಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದರಂತೆ. ಬೀಗತಿ ನಂಬಲಿಲ್ಲ, ಬಂದು ಕಾರಿನಲ್ಲಿ ಕೂತು ನೋಡಿ ಹೋದಳು.

ನನ್ನ ಬಳಿ ಈಗ ಇರುವುದು ಇಷ್ಟು. ನಿಂಬರ್ಗಾದಲ್ಲಿ ನಾನೇ ಕಟ್ಟಿಸಿದ ಮೂರು ಕೋಣೆಯ ಮನೆ ಒಂದು. ಎರಡು ಎಕರೆ ತೊಗರಿ ಹೊಲ. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ನನಗಿಂತ ಹೆಚ್ಚು ಓದಿದವರು. ಜೀಪು ಒಂದು. ಹ್ಯಾಂಡ್ ಗೇರಿನ ಕಾರು ಒಂದು. ಮುಂದಕ್ಕೆ ಗೇರು ನಾಲ್ಕು, ಹಿಂದಕ್ಕೆ ಒಂದು.